ಫೋನಿನ ಮಂಟಪ, ಅಂಗಳದ ಮದುವೆ

ಪ್ರಶ್ನೆ: ಬರುವ ಮೇ ತಿಂಗಳಲ್ಲಿ ನನ್ನ ಮದುವೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆಯ ಅಂಗಳದಲ್ಲೇ ಚಪ್ಪರ. ಮುಹೂರ್ತ ಬೆಳಗ್ಗೆ ಹನ್ನೊಂದೂವರೆಗೆ. ಮರುದಿನ ಸಂಜೆ ಮಂಗಳೂರಿನ ಹಾಲ್‌ನಲ್ಲಿ ರಿಸೆಪ್ಶನ್. ಧಾರೆ ಸೀರೆ ಅರಶಿನ ಬಣ್ಣ, ಕಡುಗೆಂಪು ಅಂಚು. ಇನ್‌ಸ್ಟಾಗ್ರಾಮಿನಲ್ಲಿ ಮುನ್ನೂರಕ್ಕೂ ಹೆಚ್ಚು ಫೋಟೋ ಉಳಿಸಿಟ್ಟುಕೊಂಡಿದ್ದೇನೆ: ಬಿಳಿ ಗುಲಾಬಿಯ ಗೋಡೆ, ಪಂಪಾಸ್ ಹುಲ್ಲು, ಪಾಸ್ಟೆಲ್ ಬಣ್ಣಗಳು. ಡೆಕೊರೇಶನ್‌ನವರು "ಇದೇ ತರ ಮಾಡಿ ಕೊಡ್ತೇವೆ" ಅನ್ನುತ್ತಾರೆ. ಅಮ್ಮ "ಯಾರದೋ ಮದುವೆಗೆ ನಾವು ಹೋದ ಹಾಗೆ ಕಾಣ್ತದೆ" ಅನ್ನುತ್ತಾರೆ. ನಮ್ಮದೇ ಅನ್ನುವ ಹಾಗೆ ಮಾಡುವುದು ಹೇಗೆ? ಬಾಗಿಲ ಬಳಿಯ ಹೆಸರಿನ ಬೋರ್ಡ್ ಕನ್ನಡದಲ್ಲಿ ಸಾಕೇ, ಮಲಯಾಳವೂ ಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಮುನ್ನೂರು ಫೋಟೋಗಳಿಗಿಂತ ಹೆಚ್ಚು ಕೆಲಸಕ್ಕೆ ಬರುವ ಮೂರು ಸಂಗತಿಗಳಿವೆ: ಅಂಗಳ, ಹನ್ನೊಂದೂವರೆ ಗಂಟೆ, ಅರಶಿನ ಸೀರೆ. ಅಲಂಕಾರದ ಮುಕ್ಕಾಲು ಪಾಲು ತೀರ್ಮಾನ ಈ ಮೂರರಲ್ಲೇ ಆಗಿಹೋಗಿದೆ. ಹೆಚ್ಚಿನವರು ಮೊದಲು ಮಂಟಪ ನೋಡಿಟ್ಟು, ಆಮೇಲೆ ಅದಕ್ಕೆ ಹೊಂದುವ ಸೀರೆ ಹುಡುಕುತ್ತಾರೆ. ನಿಮ್ಮಲ್ಲಿ ಸೀರೆ ಆಗಲೇ ಬಂದಾಗಿದೆ, ಹಾಗಾಗಿ ದಾರಿ ಸುಲಭ.

ಬಿಳಿ ಗುಲಾಬಿಯ ಗೋಡೆಯನ್ನೇ ತೆಗೆದುಕೊಳ್ಳಿ. ಆ ಫೋಟೋದಲ್ಲಿ ನಿಂತಿರುವ ಹುಡುಗಿಯ ಎತ್ತರವನ್ನು ಐದೂಕಾಲು ಅಡಿ ಎಂದಿಟ್ಟುಕೊಂಡು, ಗೋಡೆ ಅವಳ ಎಷ್ಟು ಪಟ್ಟು ಎತ್ತರವಿದೆ ಎಂದು ಬೆರಳಿನಲ್ಲಿ ಅಳೆಯಿರಿ. ಮೂರು ಪಟ್ಟು ಎಂದಾದರೆ ಅದು ಸುಮಾರು ಹದಿನಾರು ಅಡಿ. ಅಂಗಳದ ಚಪ್ಪರದ ಎತ್ತರ ಸಾಮಾನ್ಯವಾಗಿ ಹತ್ತರಿಂದ ಹನ್ನೆರಡು ಅಡಿ. ಹದಿನಾರು ಅಡಿಗೆ ಎಣಿಸಿದ ಗೋಡೆಯನ್ನು ಒಂಬತ್ತು ಅಡಿಗೆ ಇಳಿಸಿದಾಗ ಹೂವಿನ ಗಾತ್ರ ಇಳಿಯುವುದಿಲ್ಲ, ಖಾಲಿ ಜಾಗ ಮಾತ್ರ ಇಳಿಯುತ್ತದೆ. ಆಗ ಅದು ಗೋಡೆಯ ಹಾಗೆ ಕಾಣದೆ ತುಂಬಿಸಿಟ್ಟ ಬುಟ್ಟಿಯ ಹಾಗೆ ಕಾಣುತ್ತದೆ. "ಇದೇ ತರ" ಮಾಡಿದ್ದು ಬೇರೆಯೇ ತರ ಕಾಣಲು ಇದು ಮೊದಲ ಕಾರಣ.

ಎರಡನೆಯದು ಇನ್ನೂ ಸರಳ. ನಿಮ್ಮ ಜಡೆಯ ತುಂಬ ಮಲ್ಲಿಗೆ ಇರುತ್ತದೆ. ಬಿಳಿ ಗೋಡೆಯ ಮುಂದೆ ಮಲ್ಲಿಗೆ ಕಾಣುವುದಿಲ್ಲ. ಆ ಫೋಟೋಗಳಲ್ಲಿರುವ ಹೆಚ್ಚಿನವರು ಕೂದಲು ಬಿಟ್ಟವರು ಅಥವಾ ತಲೆಗೆ ಬಣ್ಣದ ದುಪಟ್ಟಾ ಹೊದ್ದವರು, ಅವರಿಗೆ ಅದು ನಡೆಯುತ್ತದೆ. ಕಪ್ಪು ಕೂದಲು, ಬಿಳಿ ಮಲ್ಲಿಗೆ, ಚಿನ್ನ, ಅರಶಿನ ರೇಶ್ಮೆ ನಾಲ್ಕೂ ಬಿಡಿಬಿಡಿಯಾಗಿ ಕಾಣಬೇಕಿದ್ದರೆ ಹಿನ್ನೆಲೆ ನಡುತೂಕದ ಬಣ್ಣದಲ್ಲಿರಬೇಕು, ಅಂದರೆ ತೀರಾ ಬಿಳಿಯೂ ಅಲ್ಲ, ತೀರಾ ಕಪ್ಪೂ ಅಲ್ಲ. ನಿಮ್ಮ ಸೀರೆಗೆ ಎಲೆಹಸಿರಿನಷ್ಟು ಒಪ್ಪುವುದು ಬೇರೆ ಇಲ್ಲ. ಪೀಚ್ ಬಣ್ಣದ ಪರದೆ ಹಾಕಿದರೆ ಅರಶಿನವೂ ಮುಖದ ಬಣ್ಣವೂ ಅದರಲ್ಲಿ ಕರಗುತ್ತವೆ. ಅನುಮಾನವಿದ್ದರೆ ಒಂದು ಕೆಲಸ ಮಾಡಿ. ಸೀರೆಯ ಸೆರಗನ್ನು ಹೆಗಲ ಮೇಲೆ ಹಾಕಿ, ಹಿಂದೆ ಒಮ್ಮೆ ಬಿಳಿ ಹಾಸು ಬಟ್ಟೆ, ಒಮ್ಮೆ ಬಾಳೆಲೆ ಹಿಡಿಸಿ, ಹನ್ನೊಂದೂವರೆಗೇ ಅಂಗಳದಲ್ಲಿ ಎರಡು ಫೋಟೋ ತೆಗೆಯಿರಿ. ಆ ಎರಡನ್ನೂ ಕಪ್ಪು-ಬಿಳುಪು ಮಾಡಿ ನೋಡಿ. ಕಪ್ಪು-ಬಿಳುಪಿನಲ್ಲೂ ಮುಖ, ಹೂವು, ಸೀರೆ ಬೇರೆಬೇರೆಯಾಗಿ ತೋರಿದರೆ ಆ ಹಿನ್ನೆಲೆ ಸರಿ.

ಇನ್ನು ಬೆಳಕು. ಅಂಗಳದ ಮದುವೆಯಲ್ಲಿ ಹಣ ಸುರಿದೂ ಕೆಡುವುದು ಇಲ್ಲೇ. ಕಾಸರಗೋಡಿನ ಅಕ್ಷಾಂಶ ಹನ್ನೆರಡೂವರೆ ಡಿಗ್ರಿ. ಏಪ್ರಿಲ್ ಕೊನೆಗೆ ಸೂರ್ಯ ಮಧ್ಯಾಹ್ನ ನಿಜವಾಗಿಯೂ ನೆತ್ತಿಯ ಮೇಲೆ ಬರುತ್ತಾನೆ, ಮೇ ತಿಂಗಳಲ್ಲೂ ಹೆಚ್ಚು ಸರಿದಿರುವುದಿಲ್ಲ. ನಮ್ಮಲ್ಲಿ ಸೂರ್ಯ ಅತಿ ಎತ್ತರದಲ್ಲಿರುವುದು ಗಡಿಯಾರದ ಹನ್ನೆರಡೂವರೆಯ ಹೊತ್ತಿಗೆ. ಅಂದರೆ ನಿಮ್ಮ ಮುಹೂರ್ತದ ಬಿಸಿಲು ಮೇಲಿಂದ ಕೆಳಕ್ಕೆ ಬೀಳುವ ಬಿಸಿಲು. ತೆರೆದ ಮಂಟಪವಾದರೆ ಕಣ್ಣಿನ ಕೆಳಗೆ, ಮೂಗಿನ ಕೆಳಗೆ ಕಪ್ಪು ನೆರಳು. ಮಡಲಿನ, ಅಂದರೆ ಹೆಣೆದ ತೆಂಗಿನ ಗರಿಯ, ಚಪ್ಪರ ಒಂದೇ ಪದರದ್ದಾದರೆ ಸಂದಿನಿಂದ ಬಿಸಿಲಿನ ಚುಕ್ಕೆಗಳು ಮುಖದ ಮೇಲೆ ಬಿದ್ದು, ಯಾವ ಕ್ಯಾಮೆರಾದವರಿಗೂ ಸರಿಪಡಿಸಲಾಗದ ಚಿತ್ರ ಬರುತ್ತದೆ. ಮಡಲು ಎರಡು ಪದರ ಇರಲಿ, ಅದರ ಕೆಳಗೆ ಬಿಳಿ ಹತ್ತಿ ಬಟ್ಟೆ ಎಳೆದು ಕಟ್ಟಿಸಿ.

ಶಾಮಿಯಾನದ ಶೀಟ್ ಹಾಕಿಸುವುದಾದರೆ ಬಣ್ಣ ಕೇಳದೆ ಒಪ್ಪಬೇಡಿ. ನೀಲಿ ಟಾರ್ಪಾಲಿನ ಕೆಳಗೆ ಎಲ್ಲರ ಮುಖವೂ ನೀಲಿ, ಹಸಿರು ನೆಟ್ಟಿನ ಕೆಳಗೆ ಎಲ್ಲರೂ ಕಾಯಿಲೆಯವರ ಹಾಗೆ. ಅರಶಿನ ಸೀರೆ ನೀಲಿ ಬೆಳಕಿನಲ್ಲಿ ಮಂಕು ಹಸಿರಾಗಿ ಕಾಣುತ್ತದೆ, ಕೆಂಪು ಅಂಚು ಕಂದಾಗುತ್ತದೆ. ಬಿಳಿ ಅಥವಾ ಕೆನೆ ಬಣ್ಣದ ಶೀಟ್ ಸಿಗದಿದ್ದರೆ ಒಳಗಿನಿಂದ ಬಿಳಿ ಬಟ್ಟೆಯ ಪದರ ಕಟ್ಟಿಸಲೇಬೇಕು. ಮಂಟಪದ ಹೂವಿಗೆ ಖರ್ಚು ಮಾಡುವ ಮೊದಲ ರೂಪಾಯಿ ಇಲ್ಲಿಗೆ ಹೋಗಲಿ.

ಹಗಲಿನ ಮುಹೂರ್ತಕ್ಕೆ ಬಣ್ಣದ ಎಲ್‌ಇಡಿ ದೀಪಗಳು ಬೇಡ. ನೇರಳೆ, ನೀಲಿ ಲೈಟುಗಳು ಕತ್ತಲೆ ಹಾಲಿನಲ್ಲಿ ಗೋಡೆ ತೊಳೆಯಲು ಮಾಡಿದವು. ದೀಪ ಬೇಕೇಬೇಕೆಂದಾದರೆ ಒಂದೇ ಜಾತಿಯದು ಇರಲಿ. ಒಂದು ಕಡೆ ಬೆಚ್ಚನೆಯ ಹಳದಿ, ಇನ್ನೊಂದು ಕಡೆ ಟ್ಯೂಬ್‌ಲೈಟಿನ ಬಿಳಿ ಬೆರೆತರೆ ಅರ್ಧ ಮುಖ ಕಿತ್ತಳೆ, ಅರ್ಧ ಮುಖ ನೀಲಿ. ಅಗ್ಗದ ಎಲ್‌ಇಡಿಗಳಲ್ಲಿ ಕೆಂಪು ಕಿರಣ ಕಡಿಮೆ ಇರುತ್ತದೆ, ಕುಂಕುಮದ ಬಣ್ಣವೂ ರೇಶ್ಮೆಯ ಕೆಂಪೂ ಸಾಯುತ್ತವೆ. ಪೆಟ್ಟಿಗೆಯ ಮೇಲೆ ಸಿಆರ್‌ಐ (ಬಣ್ಣಗಳನ್ನು ಇದ್ದ ಹಾಗೆ ತೋರಿಸುವ ಗುಣದ ಅಳತೆ) 90ಕ್ಕಿಂತ ಹೆಚ್ಚು ಎಂದು ಬರೆದ ದೀಪ ಕೇಳಿ.

ಮಂಟಪದ ಅಳತೆಯನ್ನು ಫೋಟೋ ನೋಡಿ ಹೇಳಬೇಡಿ, ಪುರೋಹಿತರನ್ನು ಕೇಳಿ ಹೇಳಿ. ಇನ್‌ಸ್ಟಾಗ್ರಾಮಿನ ಆರಡಿ ಮಂಟಪ ಇಬ್ಬರು ನಿಂತು ನಗುವುದಕ್ಕೆ ಸಾಕು, ಹೋಮಕ್ಕೆ ಸಾಲದು. ಲೆಕ್ಕ ಹೀಗೆ: ಹೋಮಕುಂಡಕ್ಕೆ ಎರಡು ಅಡಿ, ಅಗ್ನಿಗೆ ಸುತ್ತು ಬರಲು ಎರಡೂ ಬದಿ ಎರಡೂವರೆ ಅಡಿ, ಹಿಂದೆ ಮಣೆಗೆ ಮೂರು ಅಡಿ, ಒಟ್ಟು ಹತ್ತು ಅಡಿ ಆಳ. ಅಗಲಕ್ಕೆ ನಿಮ್ಮಿಬ್ಬರ ಮಣೆಗೆ ನಾಲ್ಕೂವರೆ, ಎರಡೂ ಕಡೆಯ ಹೆತ್ತವರು ಕೂರಲು ಎರಡೂವರೆಯಂತೆ ಐದು, ಅಲ್ಲೂ ಹತ್ತರ ಹತ್ತಿರವೇ. ತೂಗುವ ಹೂವಿನ ತುದಿ ನೆಲದಿಂದ ಏಳು ಅಡಿಗಿಂತ ಕೆಳಗೆ ಬರಬಾರದು, ಬಂದರೆ ಬಾಸಿಂಗಕ್ಕೆ ಸಿಕ್ಕಿಕೊಳ್ಳುತ್ತದೆ. ಹೋಮಕುಂಡದ ನೇರ ಮೇಲೆ ಏನೂ ತೂಗಬಾರದು. ನೆಟ್, ಸ್ಯಾಟಿನ್ ಪರದೆಗಳು ಹೆಚ್ಚಾಗಿ ಪಾಲಿಯೆಸ್ಟರ್. ಅವು ಸುಟ್ಟು ಬೂದಿಯಾಗುವುದಿಲ್ಲ, ಕರಗಿ ಮೈಗೆ ಅಂಟುತ್ತವೆ. ಬೆಂಕಿಯ ಬದಿಗೆ ಹತ್ತಿ ಬಟ್ಟೆ ಮಾತ್ರ, ಅದೂ ಕಂಬಕ್ಕೆ ಬಿಗಿದು ಕಟ್ಟಿದ್ದು. ಒಣಗಿದ ಮಡಲು ಕೂಡ ಸೌದೆಯೇ, ಹಾಗಾಗಿ ಎರಡು ದಿನ ಮುಂಚೆ ಹೆಣೆದ ಹಸಿ ಮಡಲು ಹಾಕಿಸಿ. ಒಂದು ಕೊಡಪಾನ ನೀರು, ಒದ್ದೆ ಗೋಣಿ ಮಂಟಪದ ಹಿಂದೆ ಇರಲಿ. ಪೆಡೆಸ್ಟಲ್ ಫ್ಯಾನನ್ನು ಎಲ್ಲಿ ಇಡುತ್ತೀರಿ ಎಂದು ಮೊದಲೇ ತೀರ್ಮಾನಿಸಿ. ಸಾಮಾನ್ಯವಾಗಿ ಸೆಕೆಯೆಂದು ಕೊನೆಯ ಗಳಿಗೆಯಲ್ಲಿ ಯಾರೋ ತಂದಿಟ್ಟ ಫ್ಯಾನೇ ಹೊಗೆಯನ್ನು ಮದುಮಗಳ ಕಣ್ಣಿಗೆ ತಳ್ಳುವುದು.

ವಧೂವರರನ್ನು ಯಾವ ದಿಕ್ಕಿಗೆ ಕೂರಿಸುತ್ತಾರೆಂದೂ ಪುರೋಹಿತರಲ್ಲೇ ಕೇಳಿ. ಪೂರ್ವಾಭಿಮುಖ ಎಂದರೆ ಅಲಂಕಾರದ ಹಿನ್ನೆಲೆ ಪಶ್ಚಿಮಕ್ಕೆ ಬರಬೇಕು. ಮನೆ ಪೂರ್ವಕ್ಕೆ ಮುಖಮಾಡಿದ್ದರೆ ಆ ಹಿನ್ನೆಲೆ ಹೆಬ್ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಅಂಥಲ್ಲಿ ಪರದೆಯನ್ನೇ ಬಿಟ್ಟು, ಮನೆಯ ಜಗಲಿ, ಮರದ ಕಂಬ, ಮಾಡಿನ ಇಳಿಜಾರನ್ನೇ ಹಿನ್ನೆಲೆ ಮಾಡಿಕೊಳ್ಳಬಹುದು. ಇದಕ್ಕಿಂತ "ನಿಮ್ಮದು" ಎನ್ನಬಹುದಾದ ಹಿನ್ನೆಲೆಯನ್ನು ಯಾವ ಡೆಕೊರೇಶನ್‌ನವರೂ ಲಾರಿಯಲ್ಲಿ ತರಲಾರರು.

ಪಂಪಾಸ್ ಹುಲ್ಲಿನ ಬಗ್ಗೆ ಮುಲಾಜಿಲ್ಲದೆ ಹೇಳುವುದಾದರೆ, ಅಂಗಳದ ಮದುವೆಗೆ ಬೇಡ. ಗಾಳಿಗೆ ಅದರ ನವಿರು ಉದುರಿ ಹೋಮಕ್ಕೂ ಬಾಳೆಲೆಗೂ ಬೀಳುತ್ತದೆ, ಕರಾವಳಿಯ ತೇವಕ್ಕೆ ಕುಗ್ಗಿ ಜೋತುಬೀಳುತ್ತದೆ, ಒಣ ಹುಲ್ಲಾದ್ದರಿಂದ ಕಿಡಿಗೆ ಹಿಡಿಯುತ್ತದೆ. ಅದರಲ್ಲಿ ನಿಮಗೆ ಇಷ್ಟವಾದದ್ದು ಬಹುಶಃ ಆ ಕೆನೆಬಣ್ಣದ ಇಳಿಬೀಳುವ ಆಕಾರ. ಅದೇ ಆಕಾರ, ಅದೇ ಬಣ್ಣ ನಿಮ್ಮ ತೋಟದ ಅಡಿಕೆಮರದ ತುದಿಯಲ್ಲಿದೆ. ಅಡಿಕೆಯ ಹೂಗೊಂಚಲು ಹಿಂಗಾರ, ತುಳುವಿನಲ್ಲಿ ಪಿಂಗಾರ, ಮೇ ತಿಂಗಳಲ್ಲಿ ಸಿಗುತ್ತದೆ. ಕೊಯ್ಯುವುದು ಹಾಳೆ ಒಡೆಯುವ ಮೊದಲು, ಹಿಂದಿನ ಸಂಜೆ. ಹಾಳೆಯೊಳಗೇ ಬಿಟ್ಟು ನೆರಳಲ್ಲಿ ಮಲಗಿಸಿಡಿ. ಬೆಳಗ್ಗೆ ಏಳರ ಮೇಲೆ ಒಡೆದು, ಮೆಲ್ಲಗೆ ಕೊಡವಿ ಬಿಡಿಸಿ ಕಟ್ಟಿಸಿ. ಒಡೆದ ಮೇಲೆ ಗಾಳಿ ತಾಗಿ ಸಂಜೆಯೊಳಗೆ ಕಂದಾಗಲು ಶುರುವಾಗುತ್ತದೆ, ಅಷ್ಟರಲ್ಲಿ ನಿಮ್ಮ ಊಟವೂ ಮುಗಿದಿರುತ್ತದೆ. ಮಂಟಪದ ನಾಲ್ಕು ಕಂಬಕ್ಕೆ ಮೂರರಂತೆ ಹನ್ನೆರಡು, ಹೆಬ್ಬಾಗಿಲಿಗೆ ನಾಲ್ಕು, ಹದಿನಾರು ಹಿಂಗಾರ ಧಾರಾಳ. ಒಂದು ಹಿಂಗಾರ ಎಂದರೆ ಮುಂದಿನ ವರ್ಷದ ಒಂದು ಅಡಿಕೆ ಗೊನೆ ಎಂಬುದು ನೆನಪಿರಲಿ. ಕಡಿಯಲು ಹೊರಟ ಹಳೆ ಮರಗಳಿಂದ ತೆಗೆಯುವುದಾದರೆ ಮನೆಯ ಹಿರಿಯರ ಒಪ್ಪಿಗೆಯೂ ಬೇಗ ಸಿಗುತ್ತದೆ.

ತೆಂಗಿನ ತಿರಿ, ಅಂದರೆ ಇನ್ನೂ ಬಿಚ್ಚದ ಎಳೆಯ ಹಳದಿ ಗರಿ, ನಿಮ್ಮ ಸೀರೆಗೆ ಹೇಳಿ ಮಾಡಿಸಿದ ಬಣ್ಣ. ದೇವಸ್ಥಾನಗಳಿಗೆ, ಕೋಲಗಳಿಗೆ ತಿರಿ ಕತ್ತರಿಸಿ ಮಡಚುವ ಕೈಗಳು ನಿಮ್ಮ ಊರಿನಲ್ಲೇ ಇವೆ. ಅವರನ್ನು ಎರಡು ತಿಂಗಳು ಮುಂಚೆ ಕೇಳಿ, ಏಕೆಂದರೆ ಅವರಿಗೂ ಅದು ಜಾತ್ರೆ, ಕೋಲಗಳ ಕಾಲ. ಮಂಟಪದ ಮೇಲಂಚಿನ ಸುತ್ತ ಒಂದು ಸಾಲು, ನಲವತ್ತು ಅಡಿ, ಅಷ್ಟೇ ಸಾಕು. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ರಾತ್ರಿ ಕಳೆಯುತ್ತದೆ. ಬಿಸಿಲಿಗೆ ಬಿಟ್ಟರೆ ಎರಡು ಗಂಟೆಯಲ್ಲಿ ತುದಿ ಸುರುಟುತ್ತದೆ. ಬಾಳೆಕಂಬವನ್ನು ಹಿಂದಿನ ದಿನವೇ ಕಡಿದು ಸೊನೆ ಇಳಿಯಲು ಬಿಡಿ. ಬಾಳೆಯ ಕಲೆ ರೇಶ್ಮೆಗೆ ತಾಗಿದರೆ ಹೋಗುವುದಿಲ್ಲ. ಕಡಿದ ಬದಿಗೆ ಬಾಳೆಯದೇ ಒಣ ಪಟ್ಟೆ ಸುತ್ತಿ, ಸೆರಗು ತಾಗದಷ್ಟು ದೂರ ನಿಲ್ಲಿಸಿ.

ಚೆಂಡುಹೂವಿನ ಪರದೆ ಬೇಕೆನಿಸಿದರೆ ಲೆಕ್ಕ ಹಾಕಿಯೇ ಕೇಳಿ. ಹನ್ನೆರಡು ಅಡಿ ಅಗಲ, ಎಂಟು ಅಡಿ ಎತ್ತರಕ್ಕೆ ನಾಲ್ಕು ಇಂಚಿಗೊಂದು ಎಳೆಯಂತೆ ಮೂವತ್ತೇಳು ಎಳೆ, ಒಟ್ಟು 296 ಅಡಿ ಮಾಲೆ. ಅಡಿಗೆ ಎಂಟು ಹೂವೆಂದರೂ 2,400ರ ಹತ್ತಿರ ಹೂವು, ತೂಕದಲ್ಲಿ ಸುಮಾರು ಹದಿನೈದರಿಂದ ಹದಿನೆಂಟು ಕಿಲೋ. ಡೆಕೊರೇಶನ್‌ನವರು ಐದು ಕಿಲೋ ಬರೆದಿದ್ದರೆ ಉಳಿದದ್ದು ಪ್ಲಾಸ್ಟಿಕ್ ಹೂವು ಎಂದೇ ಅರ್ಥ. ಹೈಡ್ರೇಂಜಿಯಾದಂತಹ ಹೂವುಗಳನ್ನು ಮೇ ತಿಂಗಳ ಅಂಗಳದಲ್ಲಿ ಇಡಬೇಡಿ. ನೀರಿನಿಂದ ಹೊರತೆಗೆದ ಕೂಡಲೇ ಸೊರಗುತ್ತವೆ. ಗುಲಾಬಿ ಬೇಕಾದರೆ ಹೊಸೂರು, ಬೆಂಗಳೂರಿನ ಕಡೆಯಿಂದ ಬಸ್ಸಿನಲ್ಲಿ ಬರಬೇಕು, ಬಂದ ಮೇಲೆ ದಂಟು ಓರೆಯಾಗಿ ಕತ್ತರಿಸಿ ನಾಲ್ಕೈದು ಗಂಟೆ ನೀರು ಕುಡಿಸಬೇಕು. ಅಷ್ಟು ಕಷ್ಟಪಟ್ಟ ಹೂವನ್ನು ಎಸಿ ಇರುವ ಮಂಗಳೂರಿನ ಹಾಲಿಗೇ ಉಳಿಸಿಕೊಳ್ಳುವುದು ಜಾಣತನ.

ಆ ಮುನ್ನೂರು ಫೋಟೋಗಳನ್ನು ಅಳಿಸಬೇಕಿಲ್ಲ. ಯೋಚಿಸದೆ ಇಪ್ಪತ್ತು ಆರಿಸಿ, ಪ್ರತಿಯೊಂದಕ್ಕೂ "ಯಾಕೆ ಇಷ್ಟ" ಎಂದು ಎರಡೇ ಪದದಲ್ಲಿ ಬರೆಯಿರಿ. "ಗುಲಾಬಿ" ಎಂದು ಬರೆಯಬೇಡಿ, "ಮೆದು ಬೆಳಕು", "ಒಂದೇ ಬಣ್ಣ", "ಖಾಲಿ ಜಾಗ" ಎಂಬಂತೆ ಬರೆಯಿರಿ. ಮೂರ್ನಾಲ್ಕು ಪದಗಳೇ ಮತ್ತೆ ಮತ್ತೆ ಬರುತ್ತವೆ. ಅಂಥ ಪಟ್ಟಿಗಳಲ್ಲಿ ಹೆಚ್ಚಾಗಿ ಮೇಲೆ ಬರುವುದು ಖಾಲಿ ಜಾಗವೇ. ಆ ಚಿತ್ರಗಳಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿ ಇಲ್ಲ, ವೈರು ಇಲ್ಲ, ನೀರಿನ ಕ್ಯಾನ್ ಇಲ್ಲ, ಮೈಕಿನ ಪೆಟ್ಟಿಗೆ ಇಲ್ಲ. ಇದನ್ನು ನಕಲು ಮಾಡಿ, ಧಾರಾಳವಾಗಿ. ವೈರುಗಳನ್ನು ಕಂಬದ ಹಿಂಬದಿಗೆ ಕಟ್ಟಿಸಿ, ಕುರ್ಚಿ ಎಲ್ಲ ಒಂದೇ ಬಣ್ಣದ್ದು ಕೇಳಿ, ಉಡುಗೊರೆಯ ಮೇಜನ್ನು ಮಂಟಪದಿಂದ ಇಪ್ಪತ್ತು ಅಡಿ ಆಚೆ ಇಡಿ. ಖರ್ಚು ಬಹಳ ಕಡಿಮೆ, ಫೋಟೋದಲ್ಲಿ ತೋರುವ ವ್ಯತ್ಯಾಸ ಹೂವಿನ ಗೋಡೆಗಿಂತ ಹೆಚ್ಚು.

"ಪರ್ಸನಲ್ ಟಚ್" ಎಂದು ಡೆಕೊರೇಶನ್‌ನವರು ತೋರಿಸುವ ಕಾರ್ಟೂನ್ ಜೋಡಿ, ಹ್ಯಾಶ್‌ಟ್ಯಾಗ್ ಬೋರ್ಡುಗಳು ಹೆಸರು ಬದಲಿಸಿದರೆ ಯಾರದೂ ಆಗುತ್ತವೆ. ಮನೆಯ ಅಟ್ಟದಲ್ಲಿರುವ ಕಾಲುದೀಪ, ಕಂಚಿನ ಉರುಳಿ, ಹಿತ್ತಾಳೆ ಹರಿವಾಣ ತೆಗೆಯಿರಿ. ಹುಣಸೆಹುಳಿ ಹಾಕಿ ತಿಕ್ಕಿ, ಪೂರ್ತಿ ಒರಸಿ ಒಣಗಿಸಿ. ಒದ್ದೆ ಉಳಿದರೆ ಹಸಿರು ಕಲೆ ಬರುತ್ತದೆ. ತಿಕ್ಕುವುದು ಹಿಂದಿನ ದಿನವೇ ಆಗಲಿ, ಈ ತೇವದಲ್ಲಿ ಎರಡು ದಿನಕ್ಕೆ ಹೊಳಪು ಹೋಗುತ್ತದೆ. ಅಮ್ಮನಿಗೂ ಚಿಕ್ಕಮ್ಮ, ಅತ್ತೆಯರಿಗೂ ಕಾಸರಗೋಡು ಸೀರೆ ಉಡಿಸುವ ಯೋಚನೆ ಮಾಡಬಹುದು. ಊರಿನ ಹೆಸರಿಗೇ ಸಲ್ಲುವ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಪಡೆದ ಕೈಮಗ್ಗದ ಹತ್ತಿ ಸೀರೆ, ಮೇ ತಿಂಗಳ ಸೆಕೆಗೆ ರೇಶ್ಮೆಗಿಂತ ಎಷ್ಟೋ ಹಗುರ. ಒಂದೇ ಬಣ್ಣದಲ್ಲಿ ಹಲವು ಬೇಕಾದರೆ ಮಗ್ಗಕ್ಕೆ ಸಮಯ ಕೊಡಿ, ವಾರದಲ್ಲಿ ಸಿಗುವುದಲ್ಲ. ಒಂದು ಎಚ್ಚರಿಕೆ: ಊರಿನ ಗುರುತು ಎಂದು ತೆಯ್ಯಂ, ಭೂತದ ಮೊಗವನ್ನು ಸೆಲ್ಫಿಗೆ ನಿಲ್ಲಿಸುವ ಚಾಳಿ ಶುರುವಾಗಿದೆ. ಅವು ಜನ ಕೈಮುಗಿಯುವ ವಸ್ತುಗಳು. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆಯ ಸೀಮೆಯಲ್ಲಿ ಥರ್ಮೋಕೋಲಿನ ಯಕ್ಷಗಾನ ಕಿರೀಟ ಇಡುವುದೂ ಅಷ್ಟೇನೂ ಚಂದವಲ್ಲ. ಅಂದಹಾಗೆ ಅಲಂಕಾರದ ಥರ್ಮೋಕೋಲ್ ಕೇರಳದಲ್ಲಿ 2020ರಿಂದ, ದೇಶಾದ್ಯಂತ 2022ರ ಜುಲೈ 1ರಿಂದ ನಿಷೇಧವಾಗಿದೆ. ಮಂಗಳೂರಿನಿಂದ ತಲಪಾಡಿಯ ಗಡಿ ದಾಟಿ ಬರುವ ತಂಡಕ್ಕೆ ಇದನ್ನು ಮೊದಲೇ ಹೇಳಿಬಿಡಿ.

ಉಡುಗೆಯಲ್ಲಿ ನಕಲು ಮಾಡುವಾಗ ಒಂದೇ ಪರೀಕ್ಷೆ: ಮಣೆಯ ಮೇಲೆ ಅದನ್ನುಟ್ಟು ಅರ್ಧ ಗಂಟೆ ಕೂತು, ಎದ್ದು, ಎರಡೂ ಕೈ ಎತ್ತಿ ಮಾಲೆ ಹಾಕುವ ಹಾಗೆ ಮಾಡಿ. ಭಾರದ ಕಸೂತಿಯ ಬಿಗಿ ತೋಳು ಹೊಲಿಗೆ ಬಿಡುವುದು ಆಗಲೇ ಗೊತ್ತಾಗುತ್ತದೆ, ಅದಕ್ಕಾಗಿ ಕುಪ್ಪಸ ಮೂರು ವಾರ ಮುಂಚೆ ಕೈಗೆ ಬರಬೇಕು. ಮಲ್ಲಿಗೆಯ ಲೆಕ್ಕ ನಮ್ಮಲ್ಲಿ ಅಟ್ಟೆ, ಚೆಂಡಿನಲ್ಲಿ: ಚೆಂಡಿಗೆ 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆಯ ದಿನಗಳಲ್ಲಿ ದರ ಏರುತ್ತದೆ, ಹೂವಿನವರಿಗೆ ಹದಿನೈದು ದಿನ ಮುಂಚೆ ಹೇಳಿ. ತಲೆಗೆ ಹಿಂದಿನ ದಿನ ಸ್ನಾನ ಮಾಡಿ. ಆಗಷ್ಟೇ ತೊಳೆದ ಕೂದಲು ಜಾರುತ್ತದೆ, ಜಡೆಯ ಭಾರ ನಿಲ್ಲುವುದಿಲ್ಲ. ಮದರಂಗಿಯ ಬಣ್ಣ ಗಾಢವಾಗುವುದು ಇಪ್ಪತ್ತನಾಲ್ಕರಿಂದ ನಲವತ್ತೆಂಟು ಗಂಟೆಯಲ್ಲಿ, ಆದ್ದರಿಂದ ಎರಡು ದಿನ ಮುಂಚೆ ಹಾಕಿಸಿ. ಹತ್ತೇ ನಿಮಿಷದಲ್ಲಿ ಕಪ್ಪಾಗುವ ಕೋನ್‌ಗಳಲ್ಲಿ ಹೆಚ್ಚಾಗಿ ಕೂದಲಿಗೆ ಹಚ್ಚುವ ರಾಸಾಯನಿಕ ಬಣ್ಣ ಇರುತ್ತದೆ, ಚರ್ಮದಲ್ಲಿ ಬೊಕ್ಕೆ ಏಳಬಹುದು. ಮೇಕಪ್ಪಿನ ಟ್ರಯಲನ್ನು ಪಾರ್ಲರಿನ ಕನ್ನಡಿಯ ಮುಂದೆ ಮುಗಿಸದೆ, ಹಗಲು ಅಂಗಳಕ್ಕೆ ಬಂದು ಕುತ್ತಿಗೆ ಮತ್ತು ಮುಖದ ಬಣ್ಣ ಒಂದೇ ಇದೆಯೇ ನೋಡಿ. ಕಾಡಿಗೆ ನೀರಿಗೆ ಹರಡದ್ದಾಗಿರಲಿ, ಹೊಗೆಗೆ ಕಣ್ಣೀರು ಬಂದೇ ಬರುತ್ತದೆ.

ಡೆಕೊರೇಶನ್‌ನವರ ಜೊತೆ ಮಾತಾಡುವಾಗ ಫೋಟೋ ತೋರಿಸುವ ಮೊದಲು, ಅವರೇ ಮಾಡಿದ ಕೆಲಸದ, ಮಧ್ಯಾಹ್ನ ಬರಿಯ ಫೋನಿನಲ್ಲಿ ತೆಗೆದ ಫೋಟೋ ಕೇಳಿ. ಒಪ್ಪಂದ ಕಾಗದದಲ್ಲಿರಲಿ: ಮಂಟಪದ ಅಡಿ ಅಳತೆ, ಹಸಿ ಹೂವು ಎಷ್ಟು ಕಿಲೋ, ಕೃತಕ ಹೂವು ಎಲ್ಲೆಲ್ಲಿ, ಬಟ್ಟೆ ಯಾವುದು, ಕೆಲಸ ಮುಗಿಸುವ ಗಂಟೆ. ಹೂವಿನ ಕೆಲಸ ಬೆಳಗ್ಗೆ ಎಂಟೂವರೆಗೆ ಮುಗಿಯಬೇಕು, ಚೌಕಟ್ಟು ಹಿಂದಿನ ಸಂಜೆಯೇ ನಿಲ್ಲಬೇಕು. ಮೇ ತಿಂಗಳ ಸಂಜೆ ಗುಡುಗು ಮಳೆ ಬರುವುದು ಸಾಮಾನ್ಯ, ಹಾಗಾಗಿ ಬಟ್ಟೆಯನ್ನು ರಾತ್ರಿಯೇ ಕಟ್ಟಿ ಬಿಡಬೇಡಿ. ಧಾರೆ ಎರೆಯುವ ಜಾಗದಲ್ಲಿ ಕಾರ್ಪೆಟ್ ಬೇಡ. ನೀರು ಬಿದ್ದು ಒದ್ದೆಯಾಗುತ್ತದೆ, ಮೇಲೆ ಹೊದಳು ಚೆಲ್ಲಿ ಕಾಲು ಜಾರುತ್ತದೆ. ಚಾಪೆಯೇ ಮೇಲು.

ಮಂಗಳೂರಿನ ರಿಸೆಪ್ಶನ್‌ಗೆ ಇಷ್ಟೊಂದು ಹೇಳುವುದಿಲ್ಲ. ರಾತ್ರಿ, ಎಸಿ, ಎತ್ತರದ ಮಾಡು, ಹೋಮ ಇಲ್ಲ. ನಿಮ್ಮ ಪಾಸ್ಟೆಲ್, ಗುಲಾಬಿ, ಬೇಕಿದ್ದರೆ ಪಂಪಾಸ್ ಕೂಡ ಅಲ್ಲಿ ನಡೆಯುತ್ತದೆ, ಏಕೆಂದರೆ ಆ ಫೋಟೋಗಳು ಹುಟ್ಟಿದ್ದು ಅಂಥ ಜಾಗದಲ್ಲೇ. ಬೆಳಕು ಮಾತ್ರ ಬೆಚ್ಚನೆಯದು, ಬೆಳಕಿನ ಬಣ್ಣದ ಅಳತೆಯಲ್ಲಿ ಮೂರು ಸಾವಿರ ಕೆಲ್ವಿನ್ ಸುತ್ತಮುತ್ತ, ಮುಖದ ಮೇಲೆ ಬಣ್ಣದ ಲೈಟು ಬೀಳದ ಹಾಗೆ.

ಬೋರ್ಡಿಗೆ ಕನ್ನಡ, ಮಲಯಾಳ ಎರಡೂ ಇರಲಿ. ದಿಬ್ಬಣದ ವ್ಯಾನಿನ ಚಾಲಕನಿಂದ ಹಿಡಿದು ನೆರೆಮನೆಯವರವರೆಗೆ ಬರುವವರಲ್ಲಿ ಎರಡೂ ಓದುವವರಿದ್ದಾರೆ, ಎರಡು ಲಿಪಿ ಒಟ್ಟಿಗೆ ಇರುವುದೇ ನಿಮ್ಮ ಊರಿನ ಚಹರೆ. ಕನ್ನಡ ಮೇಲೆ ದೊಡ್ಡದಾಗಿ, ಮಲಯಾಳ ಕೆಳಗೆ. ಆದರೆ ಕತ್ತರಿಸಲು ಕೊಡುವ ಮೊದಲು ಅಕ್ಷರಗಳನ್ನು ನೀವೇ ನೋಡಿ. ಡಿಸೈನ್ ಸಾಫ್ಟ್‌ವೇರಿನಲ್ಲಿ ಫಾಂಟ್ ಬದಲಾದಾಗ ಕನ್ನಡದ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತದೆ, ಕನ್ನಡ ಓದದ ಡಿಸೈನರಿಗೆ ಅದು ತಪ್ಪೆಂದೇ ತೋರುವುದಿಲ್ಲ. "ಲಕ್ಷ್ಮೀ", "ಕೃಷ್ಣ", "ಸ್ವಾಗತ" ಈ ಮೂರರಲ್ಲೇ ಹೆಚ್ಚು ಕೆಡುವುದು. ಹೆಸರುಗಳನ್ನು ವಾಟ್ಸ್ಆ್ಯಪ್ ಸಂದೇಶವಾಗಿ ಕಳಿಸಬೇಡಿ. ನೀವೇ ಟೈಪ್ ಮಾಡಿ, ಪಿಡಿಎಫ್ ಆಗಿ ಕೊಟ್ಟು, ಕತ್ತರಿಸುವ ಮುನ್ನ ಅವರ ಪರದೆಯ ಫೋಟೋ ತರಿಸಿಕೊಂಡು, ಮನೆಯಲ್ಲಿ ಒಬ್ಬರಿಂದ ಜೋರಾಗಿ ಓದಿಸಿ. ಮಲಯಾಳವನ್ನು ಪಕ್ಕದ ಮನೆಯವರಿಂದ ಓದಿಸಿ.